ಫ್ಲಾಟ್ ಮಾಲಕರದ್ದು, ಕಾಯಿಲೆ ಬಾಡಿಗೆದಾರರದ್ದು

ಬಾಡಿಗೆಗೆ ಫ್ಲಾಟ್ ನೋಡಲು ಹೋದಾಗ ನೀವು ಏನೇನು ನೋಡುತ್ತೀರಿ? ಅಡುಗೆಕೋಣೆ ದೊಡ್ಡದಿದೆಯೇ, ಶಾಲೆಯ ಬಸ್ಸು ಗೇಟಿನ ತನಕ ಬರುತ್ತದೆಯೇ, ಮಸೀದಿ ಎಷ್ಟು ದೂರ, ಪಕ್ಕದ ಮನೆಯವರು ಯಾರು, ಅಡ್ವಾನ್ಸ್ ಎಷ್ಟು. ಹೆಂಗಸರು ಇನ್ನೂ ಸ್ವಲ್ಪ ಮುಂದೆ ಹೋಗಿ ನಳ್ಳಿ ತಿರುಗಿಸಿ ನೋಡುತ್ತಾರೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಜಾಗ ಎಲ್ಲಿ ಎಂದು ಕೇಳುತ್ತಾರೆ. ಆದರೆ ಟೆರೇಸ್ ಹತ್ತಿ, ನೀರಿನ ಟ್ಯಾಂಕಿನ ಮುಚ್ಚಳ ಎತ್ತಿ ನೋಡಿದ ಮೇಲೆ ಅಡ್ವಾನ್ಸ್ ಕೊಟ್ಟವರನ್ನು ನಾನಂತೂ ಈವರೆಗೆ ಕಂಡಿಲ್ಲ.

ಇಪ್ಪತ್ತು ವರ್ಷಗಳ ಹಿಂದೆ ಈ ಮಾತಿಗೆ ನಮ್ಮ ಕಡೆ ಅರ್ಥವೇ ಇರಲಿಲ್ಲ. ಎಲ್ಲರಿಗೂ ಮನೆಯಂಗಳದಲ್ಲಿ ಬಾವಿ ಇತ್ತು, ಹಗ್ಗ ಇತ್ತು, ನೀರು ಕೆಟ್ಟರೆ ಕಣ್ಣಿಗೆ ಕಾಣುತ್ತಿತ್ತು. ಈಗ ಪುತ್ತೂರು ಪೇಟೆಯ ಸುತ್ತ ನಾಲ್ಕೈದು ಅಂತಸ್ತಿನ ಕಟ್ಟಡಗಳು ಎದ್ದಿವೆ. ಸುಳ್ಯದಲ್ಲಿ ಕಾಲೇಜುಗಳ ಆಸುಪಾಸಿನಲ್ಲಿ ಎದ್ದಿವೆ. ತಾಲೂಕು ಕೇಂದ್ರವಾದ ಮೇಲೆ ಕಡಬದಲ್ಲೂ ಶುರುವಾಗಿದೆ. ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಹಳ್ಳಿಯ ಮನೆಗೆ ಬೀಗ ಹಾಕಿ ಪೇಟೆಗೆ ಬಂದ ಕುಟುಂಬಗಳು ಇವುಗಳಲ್ಲಿ ಬಾಡಿಗೆಗಿವೆ. ನಮ್ಮ ಸಮುದಾಯದಲ್ಲಂತೂ ಇದರ ಚಿತ್ರ ಬಹಳ ಸ್ಪಷ್ಟ. ಗಂಡ ದಮ್ಮಾಮಿನಲ್ಲೋ ದುಬೈಯಲ್ಲೋ ದುಡಿಯುತ್ತಾರೆ. ಹೆಂಡತಿ ಎರಡು ಮೂರು ಮಕ್ಕಳೊಂದಿಗೆ ಮೂರನೇ ಮಹಡಿಯಲ್ಲಿ ಇರುತ್ತಾರೆ. ಆ ಫ್ಲಾಟಿನ ಮಾಲಕರೂ ಗಲ್ಫಿನಲ್ಲೇ. ಹೂಡಿಕೆಗೆಂದು ಕೊಂಡದ್ದು, ಬೀಗದ ಕೈ ಭಾವನ ಹತ್ತಿರವೋ ಬ್ರೋಕರ್ ಹತ್ತಿರವೋ ಇರುತ್ತದೆ.

ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಇಂತಹ ತಾಯಂದಿರು ಬಹಳ. ಮಗುವಿಗೆ ಭೇದಿ, ವಾಸಿಯಾಗಿ ಹದಿನೈದು ದಿನಕ್ಕೆ ಮತ್ತೆ ಭೇದಿ. ಮೈಮೇಲೆ ತುರಿಕೆ. ಜೂನ್ ಕಳೆದ ಮೇಲೆ ರಾತ್ರಿ ಕೆಮ್ಮು, ಎದೆಯಲ್ಲಿ ಗೊರಗೊರ. ಒಮ್ಮೆ ಒಂದೇ ಕಟ್ಟಡದ ಮೂರು ಮನೆಗಳಿಂದ ಒಂದೇ ವಾರದಲ್ಲಿ ಕಾಮಾಲೆ ಬಂತು. ಮೂರೂ ಬಾಡಿಗೆ ಮನೆಗಳು. ಶರಬತ್ ದೀನಾರ್, ಅರ್ಕ್ ಕಾಸ್ನಿ ಬರೆದುಕೊಡುವುದು ನನಗೆ ಕಷ್ಟವಲ್ಲ, ಕಾಮಾಲೆಗೆ ನಮ್ಮ ಯುನಾನಿ ಪದ್ಧತಿಯಲ್ಲಿ ಇವು ಹಳೆಯ ಪರಿಚಯದ ಮದ್ದುಗಳು. ಆದರೆ ಬೆಳಗ್ಗೆ ಮದ್ದು ಕುಡಿದು ಸಂಜೆ ಅದೇ ಟ್ಯಾಂಕಿನ ನೀರಿನಲ್ಲಿ ಸೊಪ್ಪು ತೊಳೆದರೆ ಯಾವ ಹಕೀಮನ ಮದ್ದು ತಾನೇ ಏನು ಮಾಡೀತು?

ಯುನಾನಿ ಓದಿದವರಿಗೆ ಮೊದಲ ವರ್ಷವೇ ಕಲಿಸುವ ಪಾಠ ಒಂದಿದೆ, ಅಸ್ಬಾಬೆ ಸಿತ್ತಾ ಝರೂರಿಯಾ. ಮನುಷ್ಯ ಬದುಕಿರುವಷ್ಟು ಕಾಲ ತಪ್ಪಿಸಿಕೊಳ್ಳಲಾಗದ ಆರು ಸಂಗತಿಗಳು. ಮೊದಲನೆಯದು ಸುತ್ತಲಿನ ಗಾಳಿ, ಎರಡನೆಯದು ತಿನ್ನುವ ಕುಡಿಯುವ ವಸ್ತು. ನಿದ್ದೆ ಮತ್ತು ಎಚ್ಚರ, ದೇಹದ ದುಡಿಮೆ ಮತ್ತು ವಿಶ್ರಾಂತಿ, ಮನಸ್ಸಿನ ಕಳವಳ ಮತ್ತು ನೆಮ್ಮದಿ, ಹೊರಹೋಗಬೇಕಾದ್ದು ಹೊರಹೋಗುವುದು ಇವು ಉಳಿದವು. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್'ನಲ್ಲಿ ವಾಸದ ಮನೆಯ ಬಗ್ಗೆಯೇ ಪ್ರತ್ಯೇಕವಾಗಿ ಬರೆದರು. ಮನೆ ಆರಿಸುವವನು ಅಲ್ಲಿನ ಮಣ್ಣು, ನೀರು, ಗಾಳಿಯ ದಿಕ್ಕನ್ನು ತಿಳಿದುಕೊಳ್ಳಬೇಕು, ಆ ಜಾಗದ ಜನರ ಆರೋಗ್ಯ ಹೇಗಿದೆಯೆಂದು ವಿಚಾರಿಸಬೇಕು, ಒಳಗೆ ಬಿಸಿಲು ಬರಬೇಕು ಎಂಬುದು ಅವರ ಸಲಹೆಯ ಸಾರ. ಇವತ್ತಿನ ಬಾಡಿಗೆದಾರ ಈ ಆರರಲ್ಲಿ ಎಷ್ಟನ್ನು ತನ್ನ ಕೈಯಲ್ಲಿ ಇಟ್ಟುಕೊಂಡಿದ್ದಾನೆ? ನೀರು ಅಸೋಸಿಯೇಶನ್ ಕೈಯಲ್ಲಿ, ಗಾಳಿ ಬಿಲ್ಡರ್ ಇಟ್ಟ ಕಿಟಕಿಯ ಕೈಯಲ್ಲಿ, ನಿದ್ದೆ ಜನರೇಟರಿನ ಕೈಯಲ್ಲಿ, ಕೊಳಚೆ ಸೆಪ್ಟಿಕ್ ಟ್ಯಾಂಕಿನ ಕೈಯಲ್ಲಿ.

ನಾನೂ ಮೂರು ವರ್ಷ ಅಂತಹ ಒಂದು ಕಟ್ಟಡದಲ್ಲಿ ಬಾಡಿಗೆಗಿದ್ದವನು. ಹೆಸರು ಬೇಡ. ಹೊರಗಿನಿಂದ ನೋಡಿದರೆ ಅಚ್ಚುಕಟ್ಟು, ಗೇಟಿನಲ್ಲಿ ಹೂಕುಂಡ, ಲಿಫ್ಟಿನಲ್ಲಿ ಕನ್ನಡಿ. ಬಂದ ಎರಡನೇ ತಿಂಗಳಿಗೆ ನಳ್ಳಿಯ ನೀರಿನಲ್ಲಿ ವಾಸನೆ. ಸೆಕ್ರೆಟರಿಗೆ ಫೋನ್ ಮಾಡಿದರೆ ಅವರು ಮರ್ಯಾದೆಯಿಂದಲೇ ಹೇಳಿದರು, "ನೀವು ಬಾಡಿಗೆಯವರಲ್ವಾ ಡಾಕ್ಟ್ರೇ, ನಿಮ್ಮ ಓನರ್ ಹತ್ರ ಹೇಳಿಸಿ." ಗಲ್ಫಿನಲ್ಲಿದ್ದ ಓನರಿಗೆ ಹೇಳಿದರೆ ಅವರೂ ಮರ್ಯಾದೆಯಿಂದಲೇ, "ನಾನು ತಿಂಗಳಿಗೆ ಸರಿಯಾಗಿ ಮೆಂಟೆನೆನ್ಸ್ ಕಟ್ಟುವವ, ನೀವು ಅಲ್ಲೇ ಇದ್ದೀರಲ್ಲ, ಸೆಕ್ರೆಟರಿ ಹತ್ರ ಮಾತಾಡಿ." ಇಬ್ಬರ ಮಾತೂ ಸುಳ್ಳಲ್ಲ. ಎರಡರ ನಡುವೆ ನಮ್ಮ ಮನೆಯ ನೀರು ವಾಸನೆ ಬರುತ್ತಲೇ ಇತ್ತು.

ಕೊನೆಗೆ ಒಂದು ಆದಿತ್ಯವಾರ ನಾವು ನಾಲ್ಕು ಬಾಡಿಗೆ ಮನೆಯವರು ವಾಚ್‌ಮನ್ ಹತ್ತಿರ ಕೀಲಿ ಕೇಳಿ ಟೆರೇಸ್ ಹತ್ತಿದೆವು. ಸಿಮೆಂಟಿನ ಟ್ಯಾಂಕು. ಒಂದು ಮುಚ್ಚಳ ಒಡೆದು, ಅದರ ಮೇಲೆ ಹಳೆಯ ಫ್ಲೆಕ್ಸ್ ಹೊದೆಸಿ ಕಲ್ಲು ಇಟ್ಟಿದ್ದರು. ಒಳಗೆ ಪಾರಿವಾಳದ ಗರಿ, ತಳದಲ್ಲಿ ನಾಲ್ಕು ಬೆರಳು ದಪ್ಪದ ಕೆಸರು. ಯಾವಾಗ ತೊಳೆದದ್ದು ಎಂದು ಯಾರಿಗೂ ಗೊತ್ತಿಲ್ಲ, ಹೇಳಬಲ್ಲ ಒಂದು ಪುಸ್ತಕವೂ ಇಲ್ಲ. ವಾಚ್‌ಮನ್ ಮಾತ್ರ ನೆನಪು ಮಾಡಿಕೊಂಡು, ತಾನು ಕೆಲಸಕ್ಕೆ ಸೇರಿದ ಮೇಲೆ ತೊಳೆದದ್ದಿಲ್ಲ ಎಂದ. ಅವನು ಸೇರಿ ಎರಡು ವರ್ಷವಾಗಿತ್ತು.

ಆ ದಿನ ಸಂಜೆ ನನಗೆ ಕಂಡ ಸತ್ಯವನ್ನೇ ಈ ಲೇಖನದಲ್ಲಿ ಹೇಳುತ್ತಿದ್ದೇನೆ. ಅಪಾರ್ಟ್‌ಮೆಂಟಿನಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಹೆಚ್ಚಿನದೆಲ್ಲ ನಿಮ್ಮ ಬಾಗಿಲಿನ ಹೊರಗಿದೆ. ಸಂಪು, ಟ್ಯಾಂಕು, ಪೈಪು, ಸೆಪ್ಟಿಕ್, ಕಸದ ಜಾಗ, ಲಿಫ್ಟಿನ ಗುಂಡಿ, ಟೆರೇಸು. ಅವುಗಳ ಬಗ್ಗೆ ತೀರ್ಮಾನ ಮಾಡುವವರು ಅಲ್ಲಿ ವಾಸವಿಲ್ಲದ ಮಾಲಕರು. ಅವುಗಳ ಫಲ ಉಣ್ಣುವವರು ಮೀಟಿಂಗಿಗೆ ಕರೆಯಲ್ಪಡದ ಬಾಡಿಗೆದಾರರು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲಕತ್ವ ಕಾಯ್ದೆಯೂ ಇದನ್ನು ಹಾಗೆಯೇ ಇಟ್ಟಿದೆ. ಕಟ್ಟಡದ ನಿಯಮಗಳಿಗೆ ಮಾಲಕನಂತೆ ಬಾಡಿಗೆದಾರನೂ ಬದ್ಧ, ಆದರೆ ಅಸೋಸಿಯೇಶನ್ನಿನ ಸದಸ್ಯತ್ವ ಮತ್ತು ಮತ ಮಾಲಕನಿಗೆ ಮಾತ್ರ. ನಮ್ಮ ಕಡೆಯ ಅನೇಕ ಸಣ್ಣ ಕಟ್ಟಡಗಳಲ್ಲಿ ಆ ಅಸೋಸಿಯೇಶನ್ ಕೂಡ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಮಾತ್ರ.

ಕೆಟ್ಟ ನೀರು ಎಂದರೆ ಒಂದಿಷ್ಟು ಹೊಟ್ಟೆನೋವು ಎಂದುಕೊಳ್ಳಬೇಡಿ. 2024ರ ಜೂನ್‌ನಲ್ಲಿ ಕೊಚ್ಚಿಯ ಕಾಕ್ಕನಾಡಿನ ಡಿಎಲ್‌ಎಫ್ ನ್ಯೂಟೌನ್ ಹೈಟ್ಸ್ ಎಂಬ ದೊಡ್ಡ ವಸತಿ ಸಮುಚ್ಚಯದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ವಾಂತಿ ಭೇದಿಯಿಂದ ಮಲಗಿದರು. ಹದಿನೈದು ಗೋಪುರ, ಸಾವಿರಕ್ಕೂ ಹೆಚ್ಚು ಫ್ಲಾಟ್. ನೀರನ್ನು ಪರೀಕ್ಷಿಸಿದಾಗ ಮಲದಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಸಿಕ್ಕಿತು. ಶ್ರೀಮಂತರ ಕಟ್ಟಡ, ಲಿಫ್ಟು, ಈಜುಕೊಳ, ಸೆಕ್ಯುರಿಟಿ ಎಲ್ಲ ಇದ್ದದ್ದು. ಒಂದೇ ಮೂಲದಿಂದ ನೂರಾರು ನಳ್ಳಿಗೆ ಹೋಗುವ ನೀರು ಹಾಳಾದರೆ ಹೀಗೇ. ಹಳ್ಳಿಯ ಬಾವಿ ಕೆಟ್ಟರೆ ಒಂದು ಮನೆಗೆ ಕಾಯಿಲೆ, ಸಂಪು ಕೆಟ್ಟರೆ ಇಡೀ ಕಟ್ಟಡಕ್ಕೆ.

ನಮ್ಮ ಊರಿಗೆ ಇನ್ನೊಂದು ವಿಶೇಷ ಅಪಾಯವಿದೆ. ಇಲ್ಲಿನದು ಮುರಕಲ್ಲಿನ ನೆಲ, ತೂತು ತೂತಾದದ್ದು. ಮೇಲೆ ಬಿದ್ದ ನೀರು ಬೇಗ ಇಳಿಯುತ್ತದೆ, ಇಳಿಯುವಾಗ ಹೊಲಸನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಬಾವಿಗೂ ಸೆಪ್ಟಿಕ್ ಗುಂಡಿಗೂ ಕನಿಷ್ಠ 15 ಮೀಟರ್ ಅಂತರ ಬೇಕೆಂಬುದು ಸಾಮಾನ್ಯ ನಿಯಮ. ಹತ್ತು ಸೆಂಟ್ಸ್ ಜಾಗದಲ್ಲಿ ಹನ್ನೆರಡು ಫ್ಲಾಟ್ ಕಟ್ಟಿದವರು ಆ ಅಂತರವನ್ನು ಎಲ್ಲಿಂದ ತರುತ್ತಾರೆ? ನಗರಸಭೆಯ ನೀರು ದಿನವಿಡೀ ಬರುವುದಿಲ್ಲ. ಬೇಸಗೆಯಲ್ಲಿ ಕುಮಾರಧಾರೆಯೂ ಪಯಸ್ವಿನಿಯೂ ಬತ್ತುತ್ತವೆ, ಆಗ ಅಂಗಳದ ಬಾವಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಒಂದೇ ಸಂಪಿಗೆ ಬೀಳುತ್ತವೆ. ಯಾವ ದಿನ ಯಾವ ನೀರು ಕುಡಿದೆವು ಎಂದು ವಾಚ್‌ಮನ್‌ಗೆ ಮಾತ್ರ ಗೊತ್ತು.

"ನಮ್ಮ ಮನೆಯಲ್ಲಿ ಫಿಲ್ಟರ್ ಇದೆ ಡಾಕ್ಟ್ರೇ" ಎಂದು ಹೇಳುವವರಿಗೆ ನನ್ನ ಪ್ರಶ್ನೆ ಇಷ್ಟೇ. ಹಲ್ಲುಜ್ಜುವುದು ಯಾವ ನೀರಿನಲ್ಲಿ? ತಟ್ಟೆ ತೊಳೆಯುವುದು, ದ್ರಾಕ್ಷಿ ತೊಳೆಯುವುದು, ಮಗುವನ್ನು ಸ್ನಾನ ಮಾಡಿಸುವುದು ಯಾವುದರಲ್ಲಿ? ದಿನಕ್ಕೆ ಐದು ಸಲ ವುಝೂ ಮಾಡುವ ನಾವು ಬಾಯಿ ಮುಕ್ಕಳಿಸುವುದೂ ಮೂಗಿಗೆ ನೀರು ಎಳೆಯುವುದೂ ನಳ್ಳಿಯ ನೀರಿನಿಂದಲೇ. 2024 ಮತ್ತು 2025ರಲ್ಲಿ ನೆರೆಯ ಕೇರಳದಲ್ಲಿ ಅಮೀಬಾದಿಂದ ಬರುವ ಮಿದುಳು ಜ್ವರದ ಸುದ್ದಿ ನೀವು ಓದಿರಬಹುದು. ನೇಗ್ಲೇರಿಯಾ ಎಂಬ ಈ ಸೂಕ್ಷ್ಮಜೀವಿ ಕುಡಿದರೆ ಏನೂ ಮಾಡುವುದಿಲ್ಲ, ಮೂಗಿನ ಮೇಲ್ಭಾಗಕ್ಕೆ ಹೊಕ್ಕರೆ ಮಿದುಳಿಗೆ ಹೋಗುತ್ತದೆ. ಪಾಕಿಸ್ತಾನದ ಕರಾಚಿಯಲ್ಲಿ ಕ್ಲೋರಿನ್ ಇಲ್ಲದ ನಳ್ಳಿ ನೀರಿನಲ್ಲಿ ವುಝೂ ಮಾಡಿದವರಿಗೆ, ಈಜುಕೊಳದ ಹತ್ತಿರ ಹೋಗದವರಿಗೂ, ಇದು ಬಂದು ಪ್ರಾಣ ಹೋದದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಬಹಳ ಅಪರೂಪದ ಕಾಯಿಲೆ, ಹೆದರಿ ಕೂರಬೇಕಾಗಿಲ್ಲ. ಆದರೆ ಬಂದರೆ ಉಳಿಯುವವರು ಬೆರಳೆಣಿಕೆಯಷ್ಟು. ಕೇರಳ ಸರಕಾರ 2025ರ ಆಗಸ್ಟ್ ಕೊನೆಯಲ್ಲಿ ಬಾವಿಗಳಿಗೆ ಕ್ಲೋರಿನ್ ಹಾಕುವ, ನೀರಿನ ಟ್ಯಾಂಕ್ ತೊಳೆಯುವ ಅಭಿಯಾನವನ್ನೇ ನಡೆಸಿತು. ಟ್ಯಾಂಕು ತೊಳೆದು ಕ್ಲೋರಿನ್ ಹಾಕುವುದೇ ಇದಕ್ಕೆ ತಡೆ.

ಕ್ಲೋರಿನ್ ಎಂದರೆ ದೊಡ್ಡ ಖರ್ಚಲ್ಲ. ಸಾವಿರ ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹೊಯ್ದು ಒಂದು ಗಂಟೆ ಬಿಡಬೇಕು. ಡಬ್ಬಿ ತೆರೆದಿಟ್ಟು ಹಳತಾದ ಪೌಡರಿನಲ್ಲಿ ಶಕ್ತಿ ಇರುವುದಿಲ್ಲ. ನಳ್ಳಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕವಿದೆ. ಅದನ್ನು ನೋಡುವ ಸಣ್ಣ ಕಿಟ್ ಇದೆ, ಮಕ್ಕಳೂ ಬಣ್ಣ ನೋಡಿ ಹೇಳಬಹುದು. ಮಲದ ಅಂಶ ಇದೆಯೇ ಎಂದು ತಿಳಿಯಲು ಎಚ್‌ಟುಎಸ್ ಬಾಟಲಿ ಎಂಬುದಿದೆ, ಪಂಚಾಯತ್‌ಗಳಲ್ಲಿ ಬಳಸುತ್ತಾರೆ. ನೀರು ತುಂಬಿಸಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಆ ನೀರು ಬೇಡ. ವಾಚ್‌ಮನ್‌ನನ್ನೇ ಸೆಪ್ಟಿಕ್ ಗುಂಡಿಗೆ ಇಳಿಸುವ ಪದ್ಧತಿ ಮಾತ್ರ ಎಲ್ಲಿಯಾದರೂ ಉಳಿದಿದ್ದರೆ ಇವತ್ತೇ ನಿಲ್ಲಿಸಿ. 2013ರ ಕಾಯ್ದೆಯ ಪ್ರಕಾರ ಅದು ಅಪರಾಧ. ಸೆಪ್ಟಿಕ್ ಗುಂಡಿಯ ವಿಷಗಾಳಿಗೆ ಸಿಕ್ಕವನನ್ನು ಎತ್ತಲು ಹೋದವನೂ ಸಾಯುವುದನ್ನು ನಾವು ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ.

ಸೊಳ್ಳೆಯ ವಿಷಯಕ್ಕೆ ಬರೋಣ. ಡೆಂಗ್ಯೂ ಎಂದರೆ ರಬ್ಬರ್ ತೋಟದ ಚಿಪ್ಪು, ಅಡಿಕೆ ಹಾಳೆ ಎಂದು ಸುಳ್ಯ ಕಡಬದ ಕಡೆಯವರಿಗೆ ಗೊತ್ತು. ಪೇಟೆಯ ಫ್ಲಾಟಿನಲ್ಲಿ ಅದರ ಚಿಪ್ಪು ಯಾವುದು? ಲಿಫ್ಟಿನ ಕೆಳಗಿನ ಗುಂಡಿ. ಮಳೆನೀರು ಇಳಿದು ನಿಂತಿರುತ್ತದೆ, ಯಾರೂ ಬಗ್ಗಿ ನೋಡುವುದಿಲ್ಲ. ನಾವಿದ್ದ ಕಟ್ಟಡದಲ್ಲಿ ಆಶಾ ಕಾರ್ಯಕರ್ತೆಯೊಬ್ಬರು ಟಾರ್ಚ್ ಹಾಕಿ ತೋರಿಸಿದ ಮೇಲೆಯೇ ನಮಗೆ ಕಂಡದ್ದು, ಹುಳಗಳು ಕುಣಿಯುತ್ತಿದ್ದವು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಮಲೇರಿಯಾದ ಪೇಟೆ ಸೊಳ್ಳೆಯಂತೂ ಟೆರೇಸಿನ ತೆರೆದ ಟ್ಯಾಂಕನ್ನೇ ಇಷ್ಟಪಡುತ್ತದೆ. ಮಂಗಳೂರು ಮಲೇರಿಯಾಕ್ಕೆ ಹೆಸರಾದದ್ದರಲ್ಲಿ ಅಂತಹ ಟ್ಯಾಂಕುಗಳಿಗೂ ಕಟ್ಟಡ ಕಾಮಗಾರಿಯ ನಿಂತ ನೀರಿಗೂ ದೊಡ್ಡ ಪಾಲಿದೆ.

2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಸರಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ದಂಡದ ನಿಯಮ ತಂದಿತು. ಸೊಳ್ಳೆ ಬೆಳೆಯಲು ಬಿಟ್ಟರೆ ಪೇಟೆಯ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200, ಪೇಟೆಯ ವಾಣಿಜ್ಯ ಕಟ್ಟಡಕ್ಕೆ 1000, ಅಲ್ಲಿನ ಖಾಲಿ ನಿವೇಶನ ಹಾಗೂ ಕಾಮಗಾರಿ ಜಾಗಕ್ಕೆ 2000. ಹೊಣೆ ಮಾಲಕನದ್ದು ಅಥವಾ ವಾಸವಿರುವವನದ್ದು. ಈ "ಅಥವಾ" ನೋಡಿ! ಬಾಲ್ಕನಿಯ ಹೂಕುಂಡಕ್ಕೆ ವಾಸವಿರುವವನು ಹೊಣೆಯಾಗಲಿ, ಅದು ನ್ಯಾಯ. ಲಿಫ್ಟ್ ಗುಂಡಿಗೆ ಯಾರು? ಅದರ ಕೀಲಿ ಬಾಡಿಗೆದಾರನ ಹತ್ತಿರ ಇಲ್ಲ. ಅಂದಹಾಗೆ, ಮೂರು ದಿನಕ್ಕಿಂತ ಹೆಚ್ಚು ಜ್ವರ, ಕಣ್ಣಿನ ಹಿಂಬದಿ ನೋವು ಇದ್ದರೆ ಪಪ್ಪಾಯಿ ಎಲೆ ಅರೆಯುತ್ತಾ ಕೂರಬೇಡಿ. ರಕ್ತ ಪರೀಕ್ಷೆ ಮಾಡಿಸಿ. ಇದನ್ನು ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ.

ಬೀಗ ಹಾಕಿಟ್ಟ ಫ್ಲಾಟುಗಳ ಬಗ್ಗೆ ಮಾಲಕರಲ್ಲಿ ಒಂದು ಮಾತು. ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಒಂದು ತಿಂಗಳು ಇದ್ದು ಹೋಗುತ್ತೀರಿ, ಉಳಿದ ಹನ್ನೊಂದು ತಿಂಗಳು ಬಾತ್‌ರೂಮಿನಲ್ಲಿ ನೀರು ಬೀಳುವುದಿಲ್ಲ. ನೆಲದ ಜಾಲರಿಯ ಕೆಳಗೆ ಬಾಗಿದ ಪೈಪಿನಲ್ಲಿ ಸ್ವಲ್ಪ ನೀರು ಸದಾ ನಿಂತಿರಬೇಕು, ಕೊಳಚೆ ಪೈಪಿನ ಗಾಳಿಯನ್ನು ಮನೆಯೊಳಗೆ ಬಿಡದ ಬಾಗಿಲು ಅದೇ. ಬಳಕೆ ಇಲ್ಲದಿದ್ದರೆ ಆ ನೀರು ಆರಿಹೋಗುತ್ತದೆ. 2003ರಲ್ಲಿ ಹಾಂಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಕಟ್ಟಡಗಳಲ್ಲಿ ಸಾರ್ಸ್ ಕಾಯಿಲೆ 300ಕ್ಕೂ ಹೆಚ್ಚು ಜನರಿಗೆ ಹರಡಿ 42 ಮಂದಿ ಸತ್ತರು. ತನಿಖೆ ಮಾಡಿದವರು ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು ಇದೇ. ಬಾತ್‌ರೂಮಿನ ಬಾಗುಪೈಪುಗಳು ಒಣಗಿದ್ದವು, ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಕೊಳಚೆ ಪೈಪಿನ ತೇವಗಾಳಿ ಒಳಗೆ ಎಳೆದುಕೊಂಡಿತು. ಒಂದು ಮಹಡಿಯ ರೋಗಿಯ ಕಾಯಿಲೆ ಪೈಪಿನ ದಾರಿಯಲ್ಲಿ ಮೇಲಿನ ಕೆಳಗಿನ ಮನೆಗಳನ್ನು ಹುಡುಕಿಕೊಂಡು ಹೋಯಿತು. ಬೀಗದ ಕೈ ಇಟ್ಟುಕೊಂಡವರು ವಾರಕ್ಕೊಮ್ಮೆ ಹೋಗಿ ಪ್ರತೀ ಜಾಲರಿಗೆ ಒಂದು ಚೆಂಬು ನೀರು ಹೊಯ್ದು, ಕಮೋಡನ್ನು ಫ್ಲಶ್ ಮಾಡಿ ಬಂದರೆ ಮುಗಿಯಿತು. ಜಿರಳೆಯೂ ಕಡಿಮೆಯಾಗುತ್ತದೆ, ಕಮೋಡಿನಲ್ಲಿ ಸೊಳ್ಳೆ ಮೊಟ್ಟೆ ಇಡುವುದೂ ತಪ್ಪುತ್ತದೆ.

ಇನ್ನು ಗೋಡೆಯ ಒದ್ದೆ. ಇದರಲ್ಲಿ ಬಾಡಿಗೆದಾರನಿಗೆ ಮೋಸ ಮಾಡುವುದು ನಮ್ಮ ಶಾಲೆಯ ಕ್ಯಾಲೆಂಡರ್. ಜೂನ್‌ನಲ್ಲಿ ಶಾಲೆ ಶುರುವಾಗುವುದರಿಂದ ಎಲ್ಲರೂ ಮನೆ ನೋಡುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ಗೋಡೆ ಒಣಗಿದೆ, ಹೊಸ ಪೇಂಟ್ ಬಿದ್ದಿದೆ. ಜುಲೈಯಲ್ಲಿ ಆ ಪೇಂಟಿನ ಕೆಳಗಿನಿಂದ ಕಪ್ಪು ಬೂಷ್ಟು ಏಳುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ ಬೀಳುವ ಜಿಲ್ಲೆ ನಮ್ಮದು. ಹಳೆಯ ಹೆಂಚಿನ ಮನೆಗಳಿಗೆ ಉದ್ದದ ಮಾಡು ಇಳಿಸಿ ಗೋಡೆ ಕಾಯುತ್ತಿದ್ದರು, ಈಗಿನ ಕಟ್ಟಡಕ್ಕೆ ಒಂದಡಿಯ ಸಜ್ಜಾ ಇದ್ದರೆ ಹೆಚ್ಚು. ಬೂಷ್ಟಿನ ಕೋಣೆಯಲ್ಲಿ ಮಲಗುವ ಮಗುವಿಗೆ ದಮ್ಮಿನ ತೊಂದರೆ ಇದ್ದರೆ ಅದು ಹೆಚ್ಚಾಗುತ್ತದೆ, ನಾನು ಎಷ್ಟು ಜೋಶಾಂದ ಕೊಟ್ಟರೂ ಅಷ್ಟೇ. ಮೇ ತಿಂಗಳಲ್ಲಿ ಮನೆ ನೋಡುವವರು ಗೋಡೆಯ ಕಪಾಟಿನ ಬಾಗಿಲು ತೆರೆದು ಒಳಗೆ ತಲೆ ಹಾಕಿ ಮೂಸಿ ನೋಡಿ. ಪೇಂಟರ್ ಅಲ್ಲಿಗೆ ಹೋಗಿರುವುದಿಲ್ಲ. ಕೆಳಗಿನ ಮನೆಯವರನ್ನು ಒಂದು ಮಾತು ಕೇಳಿ, "ಮಳೆಗೆ ಹೇಗಿರ್ತದೆ?"

ಕೆಟ್ಟ ಲಿಫ್ಟಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎಂಟು ತಿಂಗಳ ಗರ್ಭಿಣಿ ದಿನಕ್ಕೆ ಎರಡು ಸಲ ನಾಲ್ಕು ಮಹಡಿ ಹತ್ತಿದ್ದನ್ನು ನೋಡಿದ್ದೇನೆ. ಸರಕಾರದ ಪರವಾನಗಿ ಮತ್ತು ತಪಾಸಣೆಯ ದಿನಾಂಕ ಎಲ್ಲಿ ಎಂದು ಕೇಳುವ ಹಕ್ಕು ಅದರಲ್ಲಿ ಹೋಗಿಬರುವವರಿಗೆಲ್ಲ ಇರಬೇಕು.

ನ್ಯಾಯ ಹೇಳಬೇಕಾದರೆ ಇನ್ನೊಂದು ಮಗ್ಗುಲೂ ಇದೆ. ನಮ್ಮ ಸೆಕ್ರೆಟರಿ ಕೆಟ್ಟವರಲ್ಲ. ನಿವೃತ್ತ ಅಧ್ಯಾಪಕರು, ಸಂಬಳವಿಲ್ಲದ ಕೆಲಸ. ಇಪ್ಪತ್ತು ಮಾಲಕರಲ್ಲಿ ಏಳು ಜನ ಮೆಂಟೆನೆನ್ಸ್ ಕಟ್ಟದೆ ವರ್ಷವಾಗಿತ್ತು, ಟ್ಯಾಂಕ್ ತೊಳೆಸಲು ಹಣ ಎಲ್ಲಿಂದ? ಬಾಡಿಗೆದಾರರೂ ಸಾಚಾ ಅಲ್ಲ. ಮಗುವಿನ ಡೈಪರ್ ಕಮೋಡಿಗೆ ಹಾಕಿ ಇಡೀ ಸಾಲಿನ ಪೈಪು ಕಟ್ಟಿಸಿದವರು, ಕಿಟಕಿಯಿಂದ ಮೀನಿನ ತಲೆ ಎಸೆದವರು ನಮ್ಮವರೇ. "ನಮ್ಮದಲ್ಲವಲ್ಲ" ಎಂಬ ಮಾತು ಎರಡೂ ಕಡೆ ಓಡುತ್ತದೆ. ಬಾಡಿಗೆದಾರನಿಗೆ ಕಟ್ಟಡದ ವಿಷಯದಲ್ಲಿ ಮಾತೇ ಇಲ್ಲ ಎಂದಾದ ಮೇಲೆ ಅವನು ಅದನ್ನು ತನ್ನದೆಂದು ತಿಳಿಯಬೇಕು ಎಂದರೆ ಹೇಗೆ?

ಹಾಗಾಗಿ ನನ್ನ ಅಭಿಪ್ರಾಯ ಇದು. ಅಸೋಸಿಯೇಶನ್ ಮೀಟಿಂಗಿನಲ್ಲಿ ಬಾಡಿಗೆದಾರರ ಒಬ್ಬ ಪ್ರತಿನಿಧಿ ಕೂರಲಿ, ಅದರಲ್ಲೂ ಹೆಂಗಸು. ಮತ ಬೇಡ, ಖುರ್ಚಿ ಸಾಕು. ದಿನವಿಡೀ ಆ ಕಟ್ಟಡದಲ್ಲಿ ಇರುವವರು ಅವರು, ಯಾವ ದಿನ ನೀರು ಕೆಂಪಾಯಿತು, ಯಾವ ಮಗುವಿಗೆ ಜ್ವರ ಬಂತು ಎಂದು ಅವರಿಗೆ ಗೊತ್ತು. ಟ್ಯಾಂಕ್ ತೊಳೆದ ದಿನಾಂಕವನ್ನು ಟ್ಯಾಂಕಿನ ಮೈಮೇಲೆಯೇ ಪೇಂಟಿನಲ್ಲಿ ಬರೆಯಿರಿ, ಕೆಳಗೆ ನೋಟಿಸ್ ಬೋರ್ಡಿನಲ್ಲೂ ಹಾಕಿ. ಆರು ತಿಂಗಳಿಗೊಮ್ಮೆ ತೊಳೆಯುವುದು, ಅದರಲ್ಲಿ ಒಂದು ಸಲ ಮಳೆಗಾಲಕ್ಕೆ ಮೊದಲು. ನಮ್ಮಲ್ಲಿ ಅನೇಕ ಜಮಾಅತ್‌ಗಳಿಗೆ ಬಾಡಿಗೆ ಕಟ್ಟಡಗಳಿವೆ. ಬಾಡಿಗೆ ವಸೂಲಿಯ ರಿಜಿಸ್ಟರ್ ಅಚ್ಚುಕಟ್ಟಾಗಿರುತ್ತದೆ, ಟ್ಯಾಂಕ್ ತೊಳೆದ ರಿಜಿಸ್ಟರ್ ಇದೆಯೇ? ಮಸೀದಿಯ ಹೌಳಿನ ನೀರಿಗೆ ಕೊಡುವ ಗಮನದ ಅರ್ಧವನ್ನು ಆ ಕಟ್ಟಡದ ಟ್ಯಾಂಕಿಗೆ ಕೊಟ್ಟರೆ ಖಾಸಗಿ ಮಾಲಕರು ನಾಚಿಯಾದರೂ ಕಲಿತಾರು.

ನಾವು ಆಗ ಮಾಡಿದ್ದೇನೆಂದರೆ, ಬಾಡಿಗೆ ಮನೆಗಳವರೇ ಹಣ ಕೂಡಿಸಿ ಟ್ಯಾಂಕೂ ಸಂಪೂ ತೊಳೆಸಿದೆವು. ಬಿಲ್ಲಿನ ಫೋಟೋ ಮಾಲಕರಿಗೆ ಕಳಿಸಿದೆವು. ಐದು ಜನ ಮುಂದಿನ ತಿಂಗಳ ಬಾಡಿಗೆಯಲ್ಲಿ ಕಳೆದುಕೊಳ್ಳಲು ಹೇಳಿದರು. ಇಬ್ಬರು ಉತ್ತರಿಸಲೇ ಇಲ್ಲ. ಒಬ್ಬರು "ನಿಮ್ಮನ್ನು ಯಾರು ಮಾಡಲು ಹೇಳಿದ್ದು?" ಎಂದು ಕೇಳಿದರು. ಕಾನೂನು ಯಾರ ಪರ ಎಂದು ತಿಳಿಯಲು ವಕೀಲ ಮಿತ್ರರೊಬ್ಬರಲ್ಲಿ ಹೋದೆ.

ಅವರು ಹೇಳಿದ್ದು ನಿಮಗೂ ಉಪಯೋಗವಾದೀತು. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ ಮನೆಯನ್ನು ವಾಸಯೋಗ್ಯವಾಗಿ ಇಡಬೇಕು, ನೀರು ವಿದ್ಯುತ್ ತಡೆಯಬಾರದು ಎಂದೆಲ್ಲ ಇದೆ. ಆದರೆ ಪ್ರದೇಶಕ್ಕೆ ತಕ್ಕಂತೆ ತಿಂಗಳಿಗೆ 3500 ಅಥವಾ 2000 ರೂಪಾಯಿ ಮೀರಿದ ಬಾಡಿಗೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಆ ಬಾಡಿಗೆಗೆ ಈಗ ಪುತ್ತೂರಿನಲ್ಲಿ ಫ್ಲಾಟ್ ಎಲ್ಲಿ ಸಿಗುತ್ತದೆ? ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೇ ಕಲಮಿನ ಪ್ರಕಾರ, ಮಾಲಕ ಮಾಡಲು ಬದ್ಧನಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. "ಬದ್ಧನಾದ" ಎಂಬುದು ಮುಖ್ಯ ಪದ. ಬದ್ಧನೇ ಎಂದು ಹೇಳುವುದು ನಿಮ್ಮ ಕರಾರುಪತ್ರ. ನಮ್ಮ ಊರಿನ ಹನ್ನೊಂದು ತಿಂಗಳ ಕರಾರುಪತ್ರಗಳಲ್ಲಿ ಬಾಡಿಗೆದಾರ ಮೊಳೆ ಹೊಡೆಯಬಾರದು, ಬೇರೆಯವರಿಗೆ ಕೊಡಬಾರದು, ಬಿಡುವಾಗ ಪೇಂಟ್ ಹೊಡೆಸಬೇಕು ಎಂದು ಇರುತ್ತದೆ. ನೀರಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಮುಂದಿನ ಸಲ ಕರಾರು ನವೀಕರಿಸುವಾಗ ಈ ಸಾಲುಗಳನ್ನು ಸೇರಿಸಲು ಕೇಳಿ. ನೀರಿನ ಟ್ಯಾಂಕ್ ಮತ್ತು ಸಂಪನ್ನು ಆರು ತಿಂಗಳಿಗೊಮ್ಮೆ ತೊಳೆಸುವುದು, ಸೋರುವ ಪೈಪು ಹಾಗೂ ಒದ್ದೆ ಗೋಡೆಯ ರಿಪೇರಿ ಮಾಡಿಸುವುದು ಮಾಲಕರ ಹೊಣೆ. ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ದೂರನ್ನು ನೋಟಿಸ್ ಎಂದು ತಿಳಿಯತಕ್ಕದ್ದು. ಹದಿನೈದು ದಿನದಲ್ಲಿ ಮಾಡಿಸದಿದ್ದರೆ ಬಾಡಿಗೆದಾರರು ಮಾಡಿಸಿ ಬಿಲ್ಲು ಕೊಟ್ಟು ಬಾಡಿಗೆಯಲ್ಲಿ ಕಳೆಯಬಹುದು. ಮಾಲಕರು ಅಸೋಸಿಯೇಶನ್ ಮೀಟಿಂಗಿಗೆ ಬರಲಾಗದಿದ್ದರೆ ಬಾಡಿಗೆದಾರರಿಗೆ ಅಲ್ಲಿ ಕೂತು ಮಾತನಾಡಲು ಒಪ್ಪಿಗೆ ಪತ್ರ ಕೊಡುವುದು.

ಒಪ್ಪದ ಮಾಲಕರು ಇರುತ್ತಾರೆ. ನನ್ನ ಅನುಭವದಲ್ಲಿ ಒಪ್ಪುವವರೇ ಹೆಚ್ಚು, ಏಕೆಂದರೆ ಇದುವರೆಗೆ ಅವರನ್ನು ಯಾರೂ ಕೇಳಿಲ್ಲ. ಸ್ಟ್ಯಾಂಪ್ ಪೇಪರ್ ಆಗಲೇ ಟೈಪ್ ಆಗಿದೆ ಎಂದು ಬ್ರೋಕರ್ ಹೇಳಿದರೆ, ಕೊನೆಯ ಪುಟದ ಕೆಳಗೆ ಕೈಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ.